ಆಶ್‌ವಿಲ್ಲಿನ ದಾರಿಬದಿಯ ಫಲಕಗಳು

ಅಮೆರಿಕದ ದಕ್ಷಿಣ ಸೀಮೆಯೆಂದರೆ ನಮ್ಮ ಮನಸ್ಸಿಗೆ ಬರುವುದು ಹತ್ತಿಯ ಹೊಲ, ಉರಿಬಿಸಿಲು, ಕಣ್ಣು ಹರಿಯುವಷ್ಟು ದೂರವೂ ಬಯಲು. ಆದರೆ ಅದೇ ದಕ್ಷಿಣದಲ್ಲಿ ಒಂದು ಮಲೆನಾಡೂ ಇದೆ. ಉತ್ತರ ಕೆರೊಲಿನಾ ರಾಜ್ಯದಲ್ಲಿ ಪಡುವಣಕ್ಕೆ ಹೋದಂತೆಲ್ಲ ನೆಲ ಏರತೊಡಗಿ, ಕೊನೆಗೆ ಬ್ಲೂ ರಿಜ್ ಎಂಬ ಬೆಟ್ಟಸಾಲು ಅಡ್ಡ ನಿಲ್ಲುತ್ತದೆ. ದೂರದಿಂದ ನೋಡಿದರೆ ಹೆಸರಿಗೆ ತಕ್ಕಂತೆ ನೀಲಿಯಾಗಿಯೇ ಕಾಣುವ ಸಾಲು. ಅದನ್ನು ದಾಟಿದರೆ ಫ್ರೆಂಚ್ ಬ್ರಾಡ್ ಮತ್ತು ಸ್ವಾನನೋವಾ ಎಂಬ ಎರಡು ಹೊಳೆಗಳು ಕೂಡುವ ಕಡೆ, ೨,೧೦೦ ಅಡಿಗೂ ಮಿಕ್ಕ ಎತ್ತರದಲ್ಲಿ, ಆಶ್‌ವಿಲ್ ಪಟ್ಟಣವಿದೆ.

ಅಲ್ಲಿಗೆ ಹೋದವರೆಲ್ಲ ಮೊದಲು ಓಡುವುದು ಬಿಲ್ಟ್‌ಮೋರ್ ಅರಮನೆಗೆ. ಜಾರ್ಜ್ ವ್ಯಾಂಡರ್‌ಬಿಲ್ಟ್ ಎಂಬ ಶ್ರೀಮಂತ ೧೮೯೫ರಲ್ಲಿ ಗೃಹಪ್ರವೇಶ ಮಾಡಿದ, ೨೫೦ ಕೋಣೆಗಳ ಮನೆ ಅದು. ಅದರ ವರ್ಣನೆ ಮಾಡಿದವರು ಬಹುಮಂದಿ ಇದ್ದಾರೆ. ಅರಮನೆಯನ್ನು ಅವರಿಗೇ ಬಿಟ್ಟು, ಟಿಕೆಟಿಲ್ಲದೆ ನೋಡಬಹುದಾದ ಒಂದು ವಸ್ತುವಿನ ಕಡೆಗೆ ಓದುಗರನ್ನು ಕರೆದುಕೊಂಡು ಹೋಗಲು ನಾವು ಬಯಸುತ್ತೇವೆ. ಅದು ದಾರಿಬದಿಯಲ್ಲಿ ಕಂಬದ ಮೇಲೆ ನಿಂತಿರುವ ಲೋಹದ ಫಲಕ.

ಬೆಳ್ಳಿಬಣ್ಣದ ಹಲಗೆ, ಕಪ್ಪು ಅಕ್ಷರ, ನೆತ್ತಿಯ ಮೇಲೆ ರಾಜ್ಯದ ಮುದ್ರೆ. ಒಂದು ಹೆಸರು, ಅದರ ಕೆಳಗೆ ನಾಲ್ಕೈದು ಸಾಲು; ಅಷ್ಟೆ. ಮೋಟಾರುಗಳು ಹೆಚ್ಚುತ್ತಿದ್ದ ಕಾಲದಲ್ಲಿ, ದಾರಿ ಹಿಡಿದು ಹೋಗುವವನಿಗೆ ಊರಿನ ಹಳೆಯ ಸಂಗತಿ ತಿಳಿಯಲೆಂದು, ೧೯೩೫ರಲ್ಲಿ ಆ ರಾಜ್ಯದ ಶಾಸನಸಭೆ ಈ ಏರ್ಪಾಡನ್ನು ಮಾಡಿತು. ಮೊದಲನೆಯ ಫಲಕ ೧೯೩೬ರ ಜನವರಿಯಲ್ಲಿ ಸ್ಟೋವಾಲ್ ಎಂಬ ಊರಲ್ಲಿ ನಿಂತಿತು. ಇಂದು ರಾಜ್ಯದಾದ್ಯಂತ ೧,೬೦೦ಕ್ಕೂ ಹೆಚ್ಚು ಇವೆ. ಯಾರ ಹೆಸರಿಗೆ ಫಲಕ ಸಲ್ಲಬೇಕು, ಅದರ ಮೇಲೆ ಏನು ಬರೆಯಬೇಕು ಎಂಬುದನ್ನು ತೀರ್ಮಾನಿಸುವವರು ಕಾಲೇಜು ವಿಶ್ವವಿದ್ಯಾನಿಲಯಗಳ ಇತಿಹಾಸದ ಅಧ್ಯಾಪಕರ ಒಂದು ಸಮಿತಿ. ಒಂದೊಂದು ಪ್ರಾಂತದ ಫಲಕಗಳಿಗೂ ಒಂದೊಂದು ಅಕ್ಷರದ ಗುರುತುಂಟು. ಆಶ್‌ವಿಲ್ ಕಡೆಯದು ‘ಪಿ’. ಎಷ್ಟೋ ಫಲಕಗಳ ಬುಡದಲ್ಲಿ ಅದನ್ನು ನೆಟ್ಟ ವರ್ಷವೂ ಇರುತ್ತದೆ. ಆ ವರ್ಷವನ್ನು ಓದದೆ ಮುಂದೆ ಹೋಗಬಾರದು. ಮೇಲಿನ ಸಾಲುಗಳು ಹಿಂದಿನವರ ಸಂಗತಿ ಹೇಳಿದರೆ, ಕೆಳಗಿನ ವರ್ಷ ಅದನ್ನು ಬರೆಸಿದವರ ಸಂಗತಿ ಹೇಳುತ್ತದೆ.

ಪಟ್ಟಣದ ನಡುಮಧ್ಯದ ಪ್ಯಾಕ್ ಚೌಕದಿಂದ ಹೊರಡೋಣ. ಇಲ್ಲಿ ರಾಜ್ಯದ ಫಲಕಗಳ ಜೊತೆಗೆ ನಗರದವರು ಮಾಡಿಸಿಟ್ಟ ಬೇರೆ ಗುರುತುಗಳೂ ಇವೆ. ನೆಲದ ಮೇಲೆ ಕಂಚಿನ ಹಂದಿಗಳು, ಕಂಚಿನ ಟರ್ಕಿ ಕೋಳಿಗಳು ಸಾಲಾಗಿ ಹೊರಟಿವೆ. ಚೌಕದಲ್ಲಿ ಹಂದಿಗೇನು ಕೆಲಸವೆಂದು ಮಕ್ಕಳು ಕೇಳುವುದು ಸಹಜ. ಉತ್ತರವನ್ನು ‘ಬಂಕಮ್ ಟರ್ನ್‌ಪೈಕ್’ ಎಂಬ ಫಲಕ ಕೊಡುತ್ತದೆ. ರೈಲು ಬರುವ ಮೊದಲು, ೧೮೨೭-೨೮ರಲ್ಲಿ ಆದ ಸುಂಕದ ರಸ್ತೆ ಇದು. ಉತ್ತರದ ಟೆನೆಸಿಯಲ್ಲಿ ಕೊಬ್ಬಿಸಿದ ಹಂದಿಗಳನ್ನು ತೆಂಕಲ ದಕ್ಷಿಣ ಕೆರೊಲಿನಾಕ್ಕೆ ಕಾಲುನಡಿಗೆಯಲ್ಲಿ ಹೊಡೆದುಕೊಂಡು ಹೋಗುತ್ತಿದ್ದರು. ಅಲ್ಲಿನ ಜಮೀನ್ದಾರರು ಇದ್ದ ನೆಲಕ್ಕೆಲ್ಲ ಹತ್ತಿ ಹಾಕಿ ಕೂತಿದ್ದರಿಂದ ಹೊಟ್ಟೆಗೆ ಬೇಕಾದುದು ಹೊರಗಿನಿಂದಲೇ ಬರಬೇಕಾಗಿತ್ತು. ವರ್ಷಕ್ಕೆ ಒಂದೂವರೆ ಲಕ್ಷ ಹಂದಿಗಳು ಹೀಗೆ ಹಾದುಹೋಗುತ್ತಿದ್ದುವೆಂದು ಒಂದು ಅಂದಾಜು. ಟರ್ಕಿ ಕೋಳಿಗಳ ರೀತಿಯೇ ಬೇರೆ. ಕತ್ತಲಾಯಿತೆಂದರೆ ಎಲ್ಲಿದ್ದರೆ ಅಲ್ಲೇ ಮರ ಹತ್ತಿ ಕೂತುಬಿಡುವುವು. ಹೊಡೆಯುವವನೂ ಬುಡದಲ್ಲಿ ಮಲಗಬೇಕು. ದಾರಿಯುದ್ದಕ್ಕೂ ಜನಕ್ಕೆ ಊಟ, ದನಕರುಗಳಿಗೆ ಜೋಳ ಒದಗಿಸುವ ತಂಗುಮನೆಗಳು ಎದ್ದುವು. ಆಶ್‌ವಿಲ್ ದೊಡ್ಡದಾದದ್ದು ಹೀಗೆ, ದಾರಿಹೋಕರಿಗೆ ಅನ್ನವಿಕ್ಕಿ.

ಈ ‘ಬಂಕಮ್’ ಎಂಬುದು ಜಿಲ್ಲೆಯ ಹೆಸರು. ಸ್ವಾತಂತ್ರ್ಯ ಯುದ್ಧದ ಒಬ್ಬ ಕರ್ನಲನ ನೆನಪಿಗೆ ಇಟ್ಟದ್ದು. ೧೮೨೦ರಲ್ಲಿ ಇಲ್ಲಿಯ ಪ್ರತಿನಿಧಿ ಫೀಲಿಕ್ಸ್ ವಾಕರ್ ಎಂಬಾತ ರಾಷ್ಟ್ರದ ಸಭೆಯಲ್ಲಿ ಮಿಸೂರಿಯ ಚರ್ಚೆ ಕಾವೇರಿದ್ದಾಗ ಎದ್ದು ನಿಂತು, ಸಂಬಂಧವಿಲ್ಲದ ಮಾತನ್ನು ಉದ್ದಕ್ಕೆ ಎಳೆದನಂತೆ. ಸಾಕು ಮಾಡಯ್ಯ ಎಂದು ಉಳಿದವರು ಕೂಗಿದರೆ, ತಾನು ಮಾತಾಡುತ್ತಿರುವುದು ಬಂಕಮ್ಮಿನ ಜನಕ್ಕಾಗಿ ಎಂದನಂತೆ. ಅಂದಿನಿಂದ ಪೊಳ್ಳು ಮಾತಿಗೆ ಇಂಗ್ಲಿಷಿನಲ್ಲಿ ‘ಬಂಕಮ್’ ಎಂಬ ಹೆಸರು ನಿಂತಿತು. ಒಂದು ಜಿಲ್ಲೆ ನಿಘಂಟಿಗೆ ಸೇರಿದ ಬಗೆ ಇದು! ಊರಿನವರು ಈ ಕಥೆಯನ್ನು ಮುಚ್ಚಿಡದೆ ನಗುತ್ತ ಹೇಳುತ್ತಾರೆ.

ಚೌಕದಿಂದ ಸ್ವಲ್ಪ ನಡೆದರೆ ಟಾಮಸ್ ವುಲ್ಫ್‌ನ ಮನೆ. ಈ ಊರಲ್ಲಿ ೧೯೦೦ರಲ್ಲಿ ಹುಟ್ಟಿ, ೧೯೩೮ರಲ್ಲಿ, ಮೂವತ್ತೆಂಟು ತುಂಬುವ ಮುನ್ನವೇ ತೀರಿಕೊಂಡ ಕಾದಂಬರಿಕಾರ ಈತ. ತಾಯಿ ಜೂಲಿಯಾ ೧೯೦೬ರಲ್ಲಿ ಈ ಮನೆಯನ್ನು ಕೊಂಡು ಊಟ ವಸತಿಯ ಮನೆ ನಡೆಸಿದಳು. ಬಾಡಿಗೆಯವರು ಹೆಚ್ಚಾದ ದಿನ ಹುಡುಗ ಮಲಗಿದ್ದ ಕೋಣೆಯನ್ನೇ ಬಿಟ್ಟುಕೊಡಬೇಕಾಗುತ್ತಿತ್ತು. ತಂದೆ ಗೋರಿಕಲ್ಲು ಕೆತ್ತುವವನು. ಅವನ ಅಂಗಡಿ ಇದ್ದುದು ಈ ಚೌಕದಲ್ಲೇ. ೧೯೨೯ರಲ್ಲಿ ಮಗನ ಮೊದಲ ಕಾದಂಬರಿ ಹೊರಬಂದಾಗ ಊರಿಗೂರೇ ಕೆರಳಿತು. ಹೆಸರು ಬದಲಿಸಿದ್ದರೂ ಒಬ್ಬೊಬ್ಬರೂ ತಮ್ಮ ಮುಖವನ್ನು ಅದರಲ್ಲಿ ಗುರುತಿಸಿಕೊಂಡಿದ್ದರು. ವುಲ್ಫ್ ಏಳೆಂಟು ವರ್ಷ ಈ ಕಡೆ ತಲೆ ಹಾಕಲಿಲ್ಲ. ಮತ್ತೆ ಬಂದದ್ದು ೧೯೩೭ರಲ್ಲಿ. ಈಗ ಅವನ ಮನೆ ರಾಜ್ಯದ ಸ್ಮಾರಕ. ೧೯೯೮ರಲ್ಲಿ ಯಾರೋ ಕಿಡಿಗೇಡಿಗಳು ಇಟ್ಟ ಬೆಂಕಿಯಲ್ಲಿ ಸುಟ್ಟುಹೋದ ಭಾಗವನ್ನು ದುರಸ್ತಿ ಮಾಡಿಸಿ, ೨೦೦೪ರಲ್ಲಿ ಮತ್ತೆ ತೆರೆದರು. ಅವನ ಕಾದಂಬರಿಯಲ್ಲಿ ಬರುವ ಕಲ್ಲಿನ ದೇವದೂತೆ ನಿಜವಾಗಿಯೂ ತಂದೆಯ ಅಂಗಡಿಯಿಂದ ಹೋದದ್ದು. ಅದು ತೆಂಕಲ ಹೆಂಡರ್‌ಸನ್‌ವಿಲ್ ಊರಿನ ಸ್ಮಶಾನದಲ್ಲಿದೆ. ಅದಕ್ಕೂ ದಾರಿಬದಿಯಲ್ಲಿ ಒಂದು ಫಲಕವುಂಟು.

ವುಲ್ಫ್ ಮಲಗಿರುವ ರಿವರ್‌ಸೈಡ್ ಸ್ಮಶಾನದಲ್ಲಿಯೇ ಓ. ಹೆನ್ರಿ ಎಂಬ ಹೆಸರಿನಿಂದ ಸಣ್ಣಕಥೆ ಬರೆದ ವಿಲಿಯಂ ಸಿಡ್ನಿ ಪೋರ್ಟರ್ ಕೂಡ ಇದ್ದಾನೆ. ಅವನ ಹೆಂಡತಿ ಈ ಕಡೆಯವಳು. ಅವನ ಹೆಸರಾಂತ ಕಥೆಯೊಂದರಲ್ಲಿ ಬಡ ಹೆಂಡತಿಯ ಬಳಿ ಉಳಿದಿದ್ದುದು ೧ ಡಾಲರ್ ೮೭ ಸೆಂಟು. ಓದಿದವರು ಬಂದು ಅಷ್ಟೇ ಚಿಲ್ಲರೆಯನ್ನು ಗೋರಿಯ ಮೇಲೆ ಇಟ್ಟು ಹೋಗುತ್ತಾರೆ.

ಪಟ್ಟಣದ ಹಳೆಯ ಕಟ್ಟಡಗಳು ಇಷ್ಟೊಂದು ಉಳಿದಿರುವುದೇಕೆಂದು ನೋಡುವವರಿಗೆ ಬೆರಗಾದೀತು. ಅದಕ್ಕೆ ಕಾರಣ ದಾರಿದ್ರ್ಯ. ೧೯೩೦ರ ನವೆಂಬರಿನಲ್ಲಿ ಇಲ್ಲಿಯ ದೊಡ್ಡ ಬ್ಯಾಂಕು ಮುಳುಗಿತು. ಅದರೊಡನೆ ಪುರಸಭೆಯ ಹಣವೂ ಮುಳುಗಿತು. ಊರು ತನ್ನ ಸಾಲವನ್ನು ಪೂರ್ತಿ ತೀರಿಸಿದ್ದು ೧೯೭೬ರಲ್ಲಿ. ಹಳೆಯದನ್ನು ಕೆಡವಿ ಹೊಸದು ಕಟ್ಟಿಸಲು ಕೈಯಲ್ಲಿ ಕಾಸಿಲ್ಲದ್ದರಿಂದ, ಇದ್ದದ್ದು ಇದ್ದ ಹಾಗೆಯೇ ಉಳಿಯಿತು.

ಹೆಣ್ಣುಮಕ್ಕಳ ಎರಡು ಫಲಕಗಳನ್ನು ನಮ್ಮ ಸೋದರಿಯರು ತಪ್ಪದೆ ನೋಡಬೇಕು. ಒಂದು ಎಲಿಜಬೆತ್ ಬ್ಲ್ಯಾಕ್‌ವೆಲ್‌ಳದು. ೧೮೪೫ರಲ್ಲಿ ಈಕೆ ಇಲ್ಲಿಯ ಶಾಲೆಯೊಂದಕ್ಕೆ ಸಂಗೀತದ ಉಪಾಧ್ಯಾಯಿನಿಯಾಗಿ ಬಂದಳು. ಶಾಲೆ ನಡೆಸುತ್ತಿದ್ದ ಪಾದ್ರಿ ಹಿಂದೆ ವೈದ್ಯನಾಗಿದ್ದವನು. ಮನೆಯಲ್ಲಿ ವೈದ್ಯದ ಪುಸ್ತಕಗಳಿದ್ದುವು. ಹಗಲು ಮಕ್ಕಳಿಗೆ ಪಾಠ ಹೇಳಿ, ಬಿಡುವಿನಲ್ಲಿ ಆ ಪುಸ್ತಕಗಳನ್ನು ಓದಿದಳು. ೧೮೪೯ರಲ್ಲಿ ಅಮೆರಿಕದಲ್ಲಿ ವೈದ್ಯಪದವಿ ಪಡೆದ ಮೊದಲ ಹೆಂಗಸು ಆಕೆಯೇ. ಇನ್ನೊಂದು ಫಲಕ ಲಿಲಿಯನ್ ಎಕ್ಸಮ್ ಕ್ಲೆಮೆಂಟ್ ಎಂಬ ವಕೀಲೆಯದು. ೧೯೨೦ರಲ್ಲಿ ಈಕೆ ರಾಜ್ಯದ ಶಾಸನಸಭೆಗೆ ನಿಂತಳು. ಪಕ್ಷದ ಉಮೇದುವಾರಳಾದಾಗ ಹೆಂಗಸರಿಗೆ ಮತದ ಹಕ್ಕು ಇನ್ನೂ ಕೈಗೆ ಬಂದಿರಲಿಲ್ಲ! ಬಂದ ಮತ ೧೦,೩೬೮, ಎದುರಾಳಿಗೆ ೪೧. ದಕ್ಷಿಣದ ರಾಜ್ಯಗಳಲ್ಲೇ ಶಾಸನಸಭೆ ಹೊಕ್ಕ ಮೊದಲ ಸ್ತ್ರೀ ಈಕೆ.

ಇನ್ನೊಂದು ಫಲಕದ ನಂಟು ನಮ್ಮ ಪುಣೆಯವರೆಗೂ ಹರಿದುಬರುತ್ತದೆ. ಬೇಲಾ ಬಾರ್ಟೋಕ್ ಎಂಬ ಹಂಗೆರಿಯ ಸಂಗೀತಕಾರ, ಯುದ್ಧಕಾಲದಲ್ಲಿ ದೇಶಬಿಟ್ಟು ಬಂದವನು, ಕಾಯಿಲೆಯಿಂದ ಬಳಲುತ್ತ ೧೯೪೩-೪೪ರ ಚಳಿಗಾಲವನ್ನು ಇಲ್ಲಿ ಕಳೆದ. ಬೆಟ್ಟದ ಗಾಳಿ ಒಗ್ಗುತ್ತದೆಂಬ ನಂಬಿಕೆಯಿಂದ ಆಗ ರೋಗಿಗಳು ಈ ಊರಿಗೆ ಬರುತ್ತಿದ್ದರು. ಬೆಳಗಿನ ಹಕ್ಕಿಗಳ ಉಲಿಯನ್ನು ಅವನು ಸ್ವರ ಹಾಕಿ ಬರೆದುಕೊಂಡ. ಆ ಉಲಿಗಳು ಅವನ ಕಡೆಯ ಪಿಯಾನೋ ಕೃತಿಯಲ್ಲಿ ಸೇರಿಕೊಂಡಿವೆ. ಇಲ್ಲಿಯೇ ಅವನು ಒಂಟಿ ಪಿಟೀಲಿಗಾಗಿ ಒಂದು ಕೃತಿಯನ್ನೂ ಮುಗಿಸಿದ. ಅದನ್ನು ಕೇಳಿ ಬರೆಯಿಸಿದವನು ಯೆಹೂದಿ ಮೆನುಹಿನ್. ಅದೇ ಮೆನುಹಿನ್ ೧೯೫೨ರಲ್ಲಿ ಮುಂಬಯಿಗೆ ಬಂದಾಗ, ಕೋಲಾರದ ಕಡೆಯ ಬೆಳ್ಳೂರಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ್ದ ಬಿ. ಕೆ. ಎಸ್. ಅಯ್ಯಂಗಾರರ ಯೋಗಶಿಷ್ಯನಾದ. ತಮಗೆ ಪಿಟೀಲು ಕಲಿಸಿದ ಉತ್ತಮ ಗುರು ಇವರೇ ಎಂದು ಬರೆಸಿ ಕೈಗಡಿಯಾರವೊಂದನ್ನು ಕಾಣಿಕೆ ಕೊಟ್ಟ. ಆಶ್‌ವಿಲ್ಲಿನ ಫಲಕಕ್ಕೆ ಇದೊಂದೂ ಗೊತ್ತಿಲ್ಲ. ಐದು ಸಾಲಿನಲ್ಲಿ ಎಷ್ಟೆಂದು ಹಿಡಿದೀತು!

ಹಿಡಿಯದೆ ಬಿಟ್ಟುಹೋದದ್ದರ ಮಾತು ಬಂದದ್ದರಿಂದ ಇನ್ನು ಮುಖ್ಯ ವಿಷಯಕ್ಕೆ ಬರೋಣ.

ಈ ನೆಲ ಮೊದಲು ಚೆರೋಕಿ ಜನರದು. ೧೭೭೬ರ ಸೆಪ್ಟೆಂಬರಿನಲ್ಲಿ ರುದರ್‌ಫರ್ಡ್ ಎಂಬ ದಳಪತಿ ಸ್ವಾನನೋವಾದ ಪಕ್ಕದಿಂದ ಸೇನೆ ನಡೆಸಿಕೊಂಡು ಹೋಗಿ ಅವರ ೩೦ಕ್ಕೂ ಹೆಚ್ಚು ಊರುಗಳನ್ನು, ಕೊಯ್ಲಿನ ಕಾಲದ ಜೋಳದ ಹೊಲಗಳನ್ನು ಸುಟ್ಟ. ಅವನು ಹಾದುಹೋದ ದಾರಿಯುದ್ದಕ್ಕೂ ಫಲಕಗಳಿವೆ. ಅವುಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಅವನ ಹೆಸರೇ. ಸುಟ್ಟವನಿಗೆ ಸಿಕ್ಕ ಹೆಸರು ಸುಡಿಸಿಕೊಂಡ ಊರುಗಳಿಗೆ ಸಿಕ್ಕಲಿಲ್ಲ. ಆದರೂ ಕಾಲ ನಿಂತಲ್ಲೇ ನಿಂತಿಲ್ಲ. ಸ್ಮೋಕಿ ಬೆಟ್ಟಗಳ ೬,೬೪೩ ಅಡಿ ಎತ್ತರದ ಶಿಖರಕ್ಕೆ ಕ್ಲಿಂಗ್‌ಮನ್ ಎಂಬ ರಾಜಕಾರಣಿಯ ಹೆಸರಿತ್ತು. ಚೆರೋಕಿ ಜನರು ಕೇಳಿಕೊಂಡದ್ದರ ಮೇಲೆ ೨೦೨೪ರ ಸೆಪ್ಟೆಂಬರಿನಲ್ಲಿ ಅವರ ಹಳೆಯ ಹೆಸರಾದ ‘ಕುವೋಹಿ’ಯನ್ನೇ ಸರಕಾರ ಮರಳಿ ಕೊಟ್ಟಿತು. ಹಿಪ್ಪುನೇರಳೆಯ ಎಡೆ ಎಂದು ಅದರ ಅರ್ಥ.

ಪ್ಯಾಕ್ ಚೌಕದಲ್ಲಿ ಒಂದು ಕಾಲಕ್ಕೆ ಎಲ್ಲಕ್ಕಿಂತ ಎತ್ತರವಾಗಿ ನಿಂತಿದ್ದುದು ವಾನ್ಸ್ ಸ್ತಂಭ. ಜೀಬ್ಯುಲನ್ ವಾನ್ಸ್ ಈ ಜಿಲ್ಲೆಯ ಮಗ. ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪಕ್ಷದ ಗವರ್ನರಾಗಿ, ಮುಂದೆ ಮತ್ತೊಮ್ಮೆ ಗವರ್ನರಾಗಿ, ಕೊನೆಗೆ ಸೆನೆಟರಾಗಿ ಮೆರೆದವನು. ಅವನ ಮನೆತನದಲ್ಲಿ ಗುಲಾಮರಿದ್ದರು. ಅವನು ಸತ್ತ ಮೇಲೆ ೧೮೯೭-೯೮ರಲ್ಲಿ ಬೂದು ಗ್ರಾನೈಟಿನ, ಸುಮಾರು ೭೫ ಅಡಿ ಎತ್ತರದ ಸ್ತಂಭ ಎದ್ದಿತು. ಚೌಕದಿಂದ ಕೂಗಳತೆಯ ದೂರದಲ್ಲೇ ಕಪ್ಪುಜನರ ಅಂಗಡಿ ಕೇರಿ. ಅಲ್ಲಿ ೧೮೯೩ರಲ್ಲಿ ಮುಗಿದ ‘ಯಂಗ್ ಮೆನ್ಸ್ ಇನ್‌ಸ್ಟಿಟ್ಯೂಟ್’ ಎಂಬ ಚೆಂದದ ಕಟ್ಟಡವಿದೆ. ಗುಲಾಮನಾಗಿ ಹುಟ್ಟಿದ ಐಸಾಕ್ ಡಿಕ್‌ಸನ್, ಉಪಾಧ್ಯಾಯ ಎಡ್ವರ್ಡ್ ಸ್ಟೀಫನ್ಸ್ ಎಂಬ ಇಬ್ಬರು ಹೋಗಿ ವ್ಯಾಂಡರ್‌ಬಿಲ್ಟನನ್ನು ಕೇಳಿದ್ದರಿಂದ ಅದು ಆಯಿತು. ಮುಂದೆ ಆ ಜನರೇ ೧೦,೦೦೦ ಡಾಲರು ಕೂಡಿಸಿ ಅದನ್ನು ಕೊಂಡುಕೊಂಡರು. ಆ ಕೇರಿಯ ಸುತ್ತಣ ಮನೆಗಳನ್ನು ಕಳೆದ ಶತಮಾನದ ಉತ್ತರಾರ್ಧದಲ್ಲಿ ‘ನಗರ ನವೀಕರಣ’ದ ಹೆಸರಿನಲ್ಲಿ ಕೆಡವಿದರು. ಮನೆ ಹೋದವರ ನೆನಪಿಗೆ ಬಹುಕಾಲ ಒಂದು ಹಲಗೆಯೂ ಇರಲಿಲ್ಲ.

೨೦೨೦ರ ಜುಲೈನಲ್ಲಿ ನಗರಸಭೆ ಗುಲಾಮಗಿರಿಯಲ್ಲಿ ಊರಿಗಿದ್ದ ಪಾಲಿಗಾಗಿ ಒಮ್ಮತದಿಂದ ಕ್ಷಮೆ ಕೇಳಿತು. ೨೦೨೧ರ ಮೇ ತಿಂಗಳಲ್ಲಿ ವಾನ್ಸ್ ಸ್ತಂಭವನ್ನು ಕಲ್ಲುಕಲ್ಲಾಗಿ ಇಳಿಸಿದರು. ಇಳಿಸಬಾರದೆಂದು ಕೆಲವರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರಿಂದ ಪೀಠ ಮಾತ್ರ ಮೂರು ವರ್ಷ ಮೊಂಡಾಗಿ ನಿಂತಿದ್ದು, ೨೦೨೪ರಲ್ಲಿ ಅದೂ ಹೋಯಿತು. ೨೦೨೩ರ ಕೊನೆಯಲ್ಲಿ ಕಪ್ಪುಜನರ ಬಾಳಿನ ನೆಲೆಗಳನ್ನು ತೋರಿಸುವ ಫಲಕಗಳ ಒಂದು ಹಾದಿಯೇ ಊರೊಳಗೆ ತೆರೆಯಿತು. ಇಳಿಸಿದ್ದು ಸರಿಯೆ, ಚರಿತ್ರೆಯನ್ನು ಅಳಿಸಿದ ಹಾಗಾಗಲಿಲ್ಲವೆ ಎಂದು ಕೇಳುವವರು ಅಲ್ಲಿಯೂ ಇದ್ದಾರೆ, ನಮ್ಮಲ್ಲಿಯೂ ಇದ್ದಾರೆ. ನಮಗೆ ತೋರುವುದು ಇಷ್ಟು: ವಾನ್ಸ್ ಹುಟ್ಟಿದ ಮನೆ ಇಂದಿಗೂ ರಾಜ್ಯದ ಸ್ಮಾರಕವಾಗಿ ನಿಂತಿದೆ, ಅಲ್ಲಿ ಅವನ ಕಥೆಯನ್ನೂ, ಆ ಮನೆಯಲ್ಲಿ ದುಡಿದ ಗುಲಾಮರ ಕಥೆಯನ್ನೂ ಒಟ್ಟಿಗೆ ಹೇಳುತ್ತಾರೆ. ತಿಳಿಯಬಯಸುವವನಿಗೆ ಅಲ್ಲಿ ಕಡಿಮೆಯೇನೂ ಆಗಿಲ್ಲ.

ಇದೆಲ್ಲದರ ತಿರುಳು ಊರಿನ ಹೊರಗೆ, ಪೂರ್ವದ ಘಟ್ಟದಲ್ಲಿದೆ. ಅಲ್ಲಿ ‘ಸ್ವಾನನೋವಾ ಸುರಂಗ’ ಎಂಬ ಫಲಕವಿದೆ. ಬೆಟ್ಟದ ಬುಡದ ಓಲ್ಡ್ ಫೋರ್ಟಿನಿಂದ ರೈಲನ್ನು ಮೇಲಕ್ಕೆ ತರಲು ಏಳು ಸುರಂಗಗಳನ್ನು ಕೊರೆದರು. ಎಲ್ಲಕ್ಕಿಂತ ಉದ್ದದ್ದು ಇದು, ೧,೮೦೦ ಅಡಿಗೂ ಮಿಕ್ಕಿದ್ದು. ಕೈದಿಗಳ ದುಡಿಮೆಯಿಂದ ೧೮೭೭ರಿಂದ ೧೮೭೯ರವರೆಗೆ ಆಯಿತೆಂಬುದನ್ನು ಫಲಕ ಹೇಳುತ್ತದೆ. ಆ ಕೈದಿಗಳು ಯಾರೆಂಬುದಕ್ಕೆ ಅಲ್ಲಿ ಜಾಗವಿಲ್ಲ. ಅವರಲ್ಲಿ ಬಹುಪಾಲು ಕಪ್ಪುಜನರು. ಗುಲಾಮಗಿರಿ ರದ್ದಾಗಿ ಹನ್ನೆರಡು ವರ್ಷವೂ ತುಂಬಿರಲಿಲ್ಲ. ಸಣ್ಣಪುಟ್ಟ ಕಳವು, ಗೊತ್ತುಗುರಿಯಿಲ್ಲದೆ ಅಲೆದಾಡಿದ್ದು, ಇಂಥ ತಪ್ಪುಗಳಿಗೂ ಹಿಡಿದು ತಂದವರು ಅವರಲ್ಲಿ ಅನೇಕರು. ಎರಡು ತುದಿಯಿಂದಲೂ ಕೊರೆಯಬೇಕೆಂದು ಒಂದು ರೈಲು ಎಂಜಿನನ್ನೇ ಬೆಟ್ಟದ ಮೇಲಿಂದ ಆಚೆಗೆ ಎಳೆಸಿದರು. ಮುಂದೆ ಹಳಿ ಹಾಸುವುದು, ಎತ್ತು ಹೇಸರಗತ್ತೆಗಳ ಜೊತೆಗೆ ತಾವೂ ಹಗ್ಗ ಹಿಡಿದು ಎಳೆಯುವುದು, ಹಿಂದಿನ ಹಳಿ ಕಿತ್ತು ಮತ್ತೆ ಮುಂದಕ್ಕೆ ಹಾಸುವುದು. ಬಂಡೆ ಸಿಡಿಸಲು ಹೊಸದಾಗಿ ಬಂದಿದ್ದ ನೈಟ್ರೋಗ್ಲಿಸರಿನ್ ಬಳಸಿದರು. ಆಗ ಗವರ್ನರಾಗಿ ಈ ರೈಲನ್ನು ಹಟಹಿಡಿದು ಮಾಡಿಸಿದವನು ಚೌಕದಲ್ಲಿ ಸ್ತಂಭವಾಗಿ ನಿಂತಿದ್ದ ವಾನ್ಸನೇ. ೧೮೮೦ರ ಅಕ್ಟೋಬರಿನಲ್ಲಿ ರೈಲು ಆಶ್‌ವಿಲ್ ಮುಟ್ಟಿತು. ಆಮೇಲೆ ರೋಗಿಗಳು ಬಂದರು, ಸಿರಿವಂತರು ಬಂದರು, ವ್ಯಾಂಡರ್‌ಬಿಲ್ಟ್ ಬಂದ, ಜೂಲಿಯಾಳ ಮನೆಗೆ ಬಾಡಿಗೆಯವರು ಬಂದರು. ಇಷ್ಟು ಹೊತ್ತು ನಾವು ಓದಿದ ಫಲಕಗಳಲ್ಲಿ ಅರ್ಧಕ್ಕರ್ಧ ಈ ಸುರಂಗದೊಳಗಿಂದ ಹಾದುಬಂದವೇ.

ಕೆಲಸದಲ್ಲಿ ಸತ್ತವರನ್ನು ಹಳಿಯ ಬದಿಯಲ್ಲೇ ಗುರುತಿಲ್ಲದ ಗುಂಡಿಗಳಲ್ಲಿ ಹೂತರು. ಪಶ್ಚಿಮಕ್ಕೆ ದಾರಿ ಮುಂದುವರಿದಾಗ, ೧೮೮೨ರ ಡಿಸೆಂಬರಿನಲ್ಲಿ, ಕವೀ ಸುರಂಗದ ಬಳಿ ಹೊಳೆ ದಾಟುವ ದೋಣಿ ಮಗುಚಿ ಸಂಕೋಲೆಯಲ್ಲಿದ್ದ ೧೯ ಕೈದಿಗಳು ಮುಳುಗಿದರು. ಹಳೆಯ ಜೈಲಿನ ದಫ್ತರಗಳನ್ನು ಇತ್ತೀಚೆಗೆ ಕೆಲವರು ಹುಡುಕಿ ಓದಿ, ಘಟ್ಟದ ಈ ರೈಲಿನ ಕೆಲಸದಲ್ಲಿ ಸತ್ತವರು ಕಡಿಮೆಯೆಂದರೆ ೧೩೯ ಮಂದಿಯೆಂದು ಲೆಕ್ಕ ಹಾಕಿದ್ದಾರೆ. ಅವರ ನೆನಪಿಗೆ ಓಲ್ಡ್ ಫೋರ್ಟಿನ ಬಳಿ ಒಂದು ಕಲ್ಲು ನಿಂತಿತು. ಅದು ನಿಂತ ವರ್ಷ ೨೦೨೧. ಚೌಕದಲ್ಲಿ ಗವರ್ನರನ ಸ್ತಂಭ ಇಳಿದ ವರ್ಷವೂ ಅದೇ.

೨೦೨೪ರ ಸೆಪ್ಟೆಂಬರ್ ೨೭ರಂದು ಹೆಲೀನ್ ಚಂಡಮಾರುತದ ಮಳೆಗೆ ಎರಡು ಹೊಳೆಗಳೂ ಉಕ್ಕಿ, ೧೯೧೬ರ ಮಹಾಪೂರದ ಮಟ್ಟವನ್ನೂ ಮೀರಿದುವು. ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಆಶ್‌ವಿಲ್ಲಿನ ನಲ್ಲಿಗಳಲ್ಲಿ ಕುಡಿಯುವ ನೀರು ಮತ್ತೆ ಬಂದದ್ದು ನವೆಂಬರ್ ೧೮ಕ್ಕೆ. ಕೈದಿಗಳು ಕಡಿದ ಆ ಘಟ್ಟದ ರೈಲುದಾರಿಯೂ ಹಲವೆಡೆ ಕೊಚ್ಚಿಹೋಯಿತು. ಹಳೆಯ ಸಂಗತಿಯೆಂದು ನಾವು ಓದಿ ಬಿಡುವ ನೆರೆಯೂ ಬೆಟ್ಟವೂ ಅಲ್ಲಿಯವರಿಗೆ ಹಳತಾಗಿಲ್ಲ.

ನಮ್ಮವರಲ್ಲಿ ಹಲವರ ಮಕ್ಕಳು ಈಗ ಷಾರ್ಲಟ್, ರಾಲೀ, ಅಟ್ಲಾಂಟಾಗಳಲ್ಲಿ ಸಂಸಾರ ಹೂಡಿದ್ದಾರೆ. ಷಾರ್ಲಟ್ಟಿನಿಂದ ಆಶ್‌ವಿಲ್ ಎರಡು ಎರಡೂವರೆ ಗಂಟೆಯ ದಾರಿ. ಮೊಮ್ಮಗುವನ್ನು ನೋಡಲು ಹೋದವರು ಒಂದು ಶನಿವಾರ ಅಲ್ಲಿಗೆ ಹೋಗಿಬರಬಹುದು. ಅಕ್ಟೋಬರಾದರೆ ಕಾಡೆಲ್ಲ ಕೆಂಪು, ಹಳದಿ. ಸಂಜೆಯ ಚಳಿಗೆ ಶಾಲು ಜೊತೆಗಿರಲಿ. ರಾಜ್ಯದ ಫಲಕಗಳಿರುವುದು ಹೆದ್ದಾರಿಗಳ ಬದಿಯಲ್ಲಾದ್ದರಿಂದ ಕಾರನ್ನು ತಕ್ಕ ಜಾಗದಲ್ಲಿ ನಿಲ್ಲಿಸಿ, ಮಗುವಿನ ಕೈ ಹಿಡಿದು ನಡೆದುಹೋಗಿ ಓದುವುದು ಒಳ್ಳೆಯದು. ಓಡುವ ಕಾರಿನಿಂದ ಕಾಣುವುದು ಹೆಸರು ಮಾತ್ರ.

ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಹಲಗೆಗಳ ಬೆಲೆ ಬೇಗ ತಿಳಿಯುತ್ತದೆ. ನಾವಿರುವ ಊರುಗಳನ್ನೂ ಕಟ್ಟಿದವರು ಯಾರೋ. ರಸ್ತೆಗಳಿಗೆ ಇರುವ ಹೆಸರು ಇನ್ನಾರದೋ. ಆದ್ದರಿಂದ ಫಲಕವನ್ನು ಓದಿ ಮುಗಿಸಿದ ಮೇಲೆ ಮಕ್ಕಳು ಎರಡು ಪ್ರಶ್ನೆ ಕೇಳುವಂತೆ ಅಭ್ಯಾಸ ಮಾಡಿಸೋಣ. ಇದನ್ನು ಬರೆಸಿದ್ದು ಯಾವಾಗ? ಇದರಲ್ಲಿ ಹೆಸರಿಲ್ಲದೆ ದುಡಿದವರು ಯಾರು? ಮೊದಲನೆಯದಕ್ಕೆ ಉತ್ತರ ಎಷ್ಟೋ ಸಲ ಫಲಕದ ಬುಡದಲ್ಲೇ ಇರುತ್ತದೆ. ಎರಡನೆಯದಕ್ಕೆ ಉತ್ತರ ಹುಡುಕಿ ಕಲ್ಲು ನಿಲ್ಲಿಸಲು ಆಶ್‌ವಿಲ್ ಸೀಮೆಯವರಿಗೆ ನೂರನಾಲ್ವತ್ತು ವರ್ಷ ಹಿಡಿಯಿತು.